ಹೆಸರುಗಳ ಲೆಕ್ಕ, ಲೆಕ್ಕದ ಚಿತ್ರ

ಚಿತ್ರವನ್ನು ಕುರಿತು ಬಾನುಲಿಯಲ್ಲಿ ಮಾತನಾಡುವುದೆಂದರೆ ಹಬ್ಬದೂಟದ ರುಚಿಯನ್ನು ಕಾಗದದಲ್ಲಿ ಬರೆದು ಕಳಿಸಿದ ಹಾಗೆ. ಆದರೂ ಈ ಹೊತ್ತಿನ ವಿಷಯ ಚಿತ್ರವೇ, ಅಂಕಿಗಳ ಚಿತ್ರ. ಮಕ್ಕಳ ನೋಟುಪುಸ್ತಕದ ಒಂದು ಹಾಳೆಯೂ ಒಂದು ಪೆನ್ಸಿಲೂ ಕೈಗೆ ಸಿಗುವಂತಿದ್ದರೆ ದಯವಿಟ್ಟು ತೆಗೆದಿಟ್ಟುಕೊಳ್ಳಿ. ಮಾತಿನ ಕೊನೆಯ ಭಾಗದಲ್ಲಿ ಒಂದು ಸಣ್ಣ ಕೋಷ್ಟಕವನ್ನು ನಾವು ಕೂಡಿಯೇ ಬರೆಯಬೇಕಾಗುತ್ತದೆ.

ಸಂಖ್ಯಾಶಾಸ್ತ್ರವೆಂದೊಡನೆ ನಮಗೆ ನೆನಪಾಗುವುದು ಅಳತೆಯ ಸಂಗತಿಗಳು: ಎಷ್ಟು ಅಂಗುಲ ಮಳೆ, ಎಷ್ಟು ಕ್ವಿಂಟಲ್ ರಾಗಿ, ಮಗುವಿನ ತೂಕ ಎಷ್ಟು. ಇವನ್ನು ಕೂಡಬಹುದು, ಕಳೆಯಬಹುದು, ಸರಾಸರಿ ತೆಗೆಯಬಹುದು. ಆದರೆ ನಮ್ಮ ಬಾಳಿನ ಎಷ್ಟೋ ಮುಖ್ಯ ಪ್ರಶ್ನೆಗಳಿಗೆ ಉತ್ತರ ಅಳತೆಯಾಗಿ ಬರುವುದಿಲ್ಲ, ಹೆಸರಾಗಿ ಬರುತ್ತದೆ. ನಿಮ್ಮ ಮಾತೃಭಾಷೆ ಯಾವುದು? ಕಸುಬೇನು? ಮನೆಗೆ ಹೆಂಚೋ ತಾರಸಿಯೋ? ಆಸ್ಪತ್ರೆಗೆ ಹೋದ ರೋಗಿ ಗುಣವಾದನೋ ಇಲ್ಲವೋ? ಇಂಥ ಉತ್ತರಗಳ ರಾಶಿಗೆ ಗುಣಾತ್ಮಕ ದತ್ತಾಂಶವೆಂದು ಪಠ್ಯಪುಸ್ತಕದ ಹೆಸರು. ಕನ್ನಡಕ್ಕೆ ತುಳುವನ್ನು ಕೂಡಿ ಎರಡರಿಂದ ಭಾಗಿಸಿದರೆ ಯಾವ ಭಾಷೆಯೂ ಹುಟ್ಟುವುದಿಲ್ಲ. ಸರಾಸರಿ ಇಲ್ಲಿ ಕೆಲಸಕ್ಕೆ ಬಾರದು. ಅಂಕಿಯ ವೇಷ ಹಾಕಿದ ಹೆಸರುಗಳೂ ಉಂಟು. ಹತ್ತನೇ ನಂಬರಿನ ಬಸ್ಸು ಐದನೇ ನಂಬರಿನ ಬಸ್ಸಿನ ಎರಡರಷ್ಟು ದೊಡ್ಡದೇನಲ್ಲ. ಅಲ್ಲಿ ನಂಬರೆಂಬುದು ಹೆಸರು ಮಾತ್ರ.

ಹೆಸರುಗಳನ್ನು ಕಟ್ಟಿಕೊಂಡು ಮಾಡಬಹುದಾದ ಕೆಲಸ ಒಂದೇ, ಎಣಿಸುವುದು. ಇದು ನಮ್ಮ ಅಜ್ಜಿಯರಿಗೆ ಗೊತ್ತಿದ್ದ ವಿದ್ಯೆ. ಹಾಲಿನವಳು ಬಂದು ಹೋದ ಮೇಲೆ ಅಡಿಗೆಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀರು. ತಿಂಗಳ ಕೊನೆಗೆ ಗೀರುಗಳನ್ನು ಎಣಿಸಿ ದುಡ್ಡು. ಶಾಲೆಯಲ್ಲಿ ಇದೇ ಗೀರಿಗೆ ತಾಳೆ ಗುರುತೆಂದು ಹೆಸರಿಟ್ಟು, ನಾಲ್ಕು ನೆಟ್ಟಗೆ ಎಳೆದು ಐದನೆಯದನ್ನು ಅಡ್ಡ ಹೊಡೆಯುವುದನ್ನು ಕಲಿಸುತ್ತಾರೆ. ಐದೈದರ ಕಟ್ಟು ಕಟ್ಟಿದರೆ ಎಣಿಕೆ ತಪ್ಪುವುದಿಲ್ಲ ಎಂಬುದಷ್ಟೇ ಅದರ ಗುಟ್ಟು. ಗೀರುಗಳನ್ನು ಎಣಿಸಿ, ಎಡಗಡೆ ಹೆಸರು, ಬಲಗಡೆ ಸಂಖ್ಯೆ, ಅಡಿಯಲ್ಲಿ ಒಟ್ಟು ಮೊತ್ತ ಬರೆದರೆ ಅದು ಆವೃತ್ತಿ ಪಟ್ಟಿ. ಮೂರನೆಯ ಸಾಲಿನಲ್ಲಿ ನೂರಕ್ಕೆ ಎಷ್ಟೆಂಬುದನ್ನೂ ಬರೆದರೆ ಪಟ್ಟಿ ಪೂರ್ಣವಾಯಿತು. ಈ ಮೂರನೆಯ ಸಾಲನ್ನು ಮರೆಯಬೇಡಿ. ನೂರಕ್ಕೆ ಎಷ್ಟು ಎಂಬುದು ಸರಿ. ಆದರೆ ಯಾರ ನೂರಕ್ಕೆ? ಮುಂದೆ ಬರುವ ತೊಡಕೆಲ್ಲ ಈ ಪ್ರಶ್ನೆಯಿಂದಲೇ ಹುಟ್ಟುತ್ತದೆ.

ಪಟ್ಟಿಯನ್ನು ಚಿತ್ರವಾಗಿಸುವ ಕಲೆಗೆ ಇನ್ನೂರ ನಲವತ್ತು ವರ್ಷಗಳ ವಯಸ್ಸು. ವಿಲಿಯಂ ಪ್ಲೇಫೇರ್ ಎಂಬ ಸ್ಕಾಟ್ಲೆಂಡಿನವನು 1786ರಲ್ಲಿ ವ್ಯಾಪಾರದ ಲೆಕ್ಕಗಳನ್ನು ಗೆರೆಗಳಲ್ಲಿ ತೋರಿಸುವ ಒಂದು ಪುಸ್ತಕ ತಂದ. ಅದರಲ್ಲಿನ ಚಿತ್ರಗಳಲ್ಲಿ ಹೆಚ್ಚಿನವು ವರ್ಷದಿಂದ ವರ್ಷಕ್ಕೆ ಏರಿಳಿಯುವ ಗೆರೆಗಳು. ಸ್ಕಾಟ್ಲೆಂಡಿನ ವಿಷಯಕ್ಕೆ ಬಂದಾಗ ಮಾತ್ರ ಅವನಿಗೆ ಸಿಕ್ಕಿದ್ದು 1781ಕ್ಕೆ ಮುಗಿದ ಒಂದೇ ವರ್ಷದ ಲೆಕ್ಕ. ಕಾಲದ ಗೆರೆ ಎಳೆಯುವಂತಿರಲಿಲ್ಲ. ಬೇರೆ ದಾರಿ ಕಾಣದೆ, ಸ್ಕಾಟ್ಲೆಂಡ್ ಯಾವ ಯಾವ ನಾಡಿನೊಡನೆ ವ್ಯಾಪಾರ ಮಾಡಿತೋ ಆ ಹದಿನೇಳು ನಾಡುಗಳ ಹೆಸರು ಬರೆದು, ಒಂದೊಂದರ ಎದುರಿಗೂ ಆಮದು ರಫ್ತುಗಳಿಗೆ ತಕ್ಕಷ್ಟು ಉದ್ದದ ಪಟ್ಟೆ ಎಳೆದ. ಇದು ಉಳಿದ ಚಿತ್ರಗಳಷ್ಟು ಉಪಯುಕ್ತವಲ್ಲವೆಂದು ತಾನೇ ಹೇಳಿಕೊಂಡ. ಪಾಪ, ಇವತ್ತು ದಿನಪತ್ರಿಕೆಯಲ್ಲಿ ಅತಿ ಹೆಚ್ಚು ಕಾಣುವುದು ಅವನು ಅರೆಮನಸ್ಸಿನಿಂದ ಎಳೆದ ಆ ಪಟ್ಟೆಯ ಚಿತ್ರವೇ. ಅದನ್ನು ಸ್ತಂಭಾಲೇಖವೆನ್ನುತ್ತಾರೆ, ಕಂಬದ ಚಿತ್ರವೆಂದರೂ ಸಲ್ಲುತ್ತದೆ.

ಕಂಬದ ಚಿತ್ರಕ್ಕೆ ಕಟ್ಟಳೆ ಕೆಲವೇ. ಕಂಬಗಳ ಅಗಲ ಒಂದೇ ಆಗಿರಬೇಕು, ಎಲ್ಲವೂ ಸೊನ್ನೆಯ ನೆಲದಿಂದಲೇ ಎದ್ದಿರಬೇಕು, ಕಂಬಕ್ಕೂ ಕಂಬಕ್ಕೂ ನಡುವೆ ಜಾಗವಿರಬೇಕು. ಐದು ಅಡಿಗೂ ಆರು ಅಡಿಗೂ ನಡುವೆ ಐದೂವರೆ ಉಂಟು. ಹೆಂಚಿನ ಮನೆಗೂ ತಾರಸಿ ಮನೆಗೂ ನಡುವೆ ಅಂಥದೇನೂ ಇಲ್ಲ. ಆ ಖಾಲಿ ಜಾಗ ಹೇಳುವುದು ಅದನ್ನೇ. ನೆಲದ ಕಟ್ಟಳೆಯನ್ನು ಮುರಿದರೆ ಮಾತ್ರ ನೇರವಾಗಿ ಮೋಸ. 50 ಮತ್ತು 55ರ ಕಂಬಗಳನ್ನು 45ರಿಂದ ಎಬ್ಬಿಸಿದರೆ ಒಂದು ಇನ್ನೊಂದರ ಇಮ್ಮಡಿಯಾಗಿ ಕಾಣುತ್ತದೆ. ಅಂಕಿ ಒಂದೂ ಸುಳ್ಳಲ್ಲ, ಚಿತ್ರ ಪೂರ್ತಿ ಸುಳ್ಳು. ಕಂಬದ ಬದಲು ಹಾಲಿನ ಕ್ಯಾನೋ ಚೀಲವೋ ಬರೆದು ಅಂದಗೊಳಿಸುವವರು ಇನ್ನೊಂದು ಬಗೆಯಲ್ಲಿ ಎಡವುತ್ತಾರೆ. ಎತ್ತರ ಎರಡರಷ್ಟಾದಾಗ ಅಗಲವೂ ಎರಡರಷ್ಟಾಗಿ, ಕಣ್ಣಿಗೆ ನಾಲ್ಕರಷ್ಟು ಹಾಲು ಕಾಣುತ್ತದೆ.

ಪ್ಲೇಫೇರನೇ 1801ರಲ್ಲಿ ದುಂಡನೆಯ ಚಿತ್ರವನ್ನೂ ತಂದ. ತುರ್ಕಿ ಸಾಮ್ರಾಜ್ಯದ ನೆಲ ಏಷ್ಯಾದಲ್ಲಿ ಎಷ್ಟು, ಯೂರೋಪಿನಲ್ಲಿ ಎಷ್ಟು, ಆಫ್ರಿಕಾದಲ್ಲಿ ಎಷ್ಟು ಎಂದು ಒಂದು ವೃತ್ತವನ್ನು ಸೀಳಿ ತೋರಿಸಿದ. ಇಂಗ್ಲಿಷಿನವರು ಇದಕ್ಕೆ ತಮ್ಮ ಕಡುಬಿನ ಹೆಸರಿಟ್ಟು ಪೈ ಎಂದರು. ನಾವು ಹೋಳಿಗೆಯ ಹೋಳುಗಳೆಂದು ಭಾವಿಸಿಕೊಂಡರೆ ಸಾಕು. ಎರಡು ಮೂರು ಹೋಳಿದ್ದಾಗ ಚಿತ್ರ ಚೆನ್ನ, ಹೆಚ್ಚಾದರೆ ಕಣ್ಣು ಸೋಲುತ್ತದೆ. ನಮ್ಮ ರಾಜ್ಯದ್ದನ್ನೇ ತೆಗೆದುಕೊಳ್ಳಿ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 66 ಮಂದಿಯ ಮಾತೃಭಾಷೆ ಕನ್ನಡ, ಸುಮಾರು 11 ಮಂದಿಯದು ಉರ್ದು, ಸುಮಾರು 6 ಮಂದಿಯದು ತೆಲುಗು. ತಮಿಳು, ಮರಾಠಿ, ಹಿಂದಿ ಒಂದೊಂದೂ ಮೂರಕ್ಕೆ ತುಸು ಮೇಲೆ. ತುಳು ಎರಡೂವರೆಯ ಆಸುಪಾಸು. ಹೋಳಿಗೆಯ ಮೂರನೆಯ ಎರಡು ಪಾಲು ಕನ್ನಡ ಎಂಬುದು ಒಂದೇ ನೋಟಕ್ಕೆ ಕಾಣುತ್ತದೆ. ತಮಿಳಿನ ಹೋಳು ದೊಡ್ಡದೋ ಮರಾಠಿಯ ಹೋಳು ದೊಡ್ಡದೋ ಎಂದರೆ ಯಾರೂ ಹೇಳಲಾರರು. ಕಂಬಗಳನ್ನು ಪಕ್ಕಪಕ್ಕ ನಿಲ್ಲಿಸಿದರೆ ಆ ಕೂದಲೆಳೆಯ ಅಂತರವೂ ಕಾಣುತ್ತದೆ. ಹೋಳಿಗೆಗೆ ಇನ್ನೊಂದು ಷರತ್ತು ಉಂಟು: ಪ್ರತಿಯೊಬ್ಬನೂ ಒಂದೇ ಹೋಳಿನಲ್ಲಿರಬೇಕು. ಮಾತೃಭಾಷೆ ಒಬ್ಬರಿಗೆ ಒಂದೆಂದು ಬರೆದುಕೊಂಡದ್ದರಿಂದ ಇಲ್ಲಿ ನಡೆಯಿತು. ನಿಮಗೆ ಯಾವ ಯಾವ ಭಾಷೆ ಬರುತ್ತದೆ ಎಂದು ಕೇಳಿದರೆ ಕೋಲಾರದವನೋ ಬೆಳಗಾವಿಯವನೋ ಮೂರು ಹೆಸರು ಹೇಳಿಯಾನು. ಆಗ ಮೊತ್ತ ನೂರನ್ನು ದಾಟುತ್ತದೆ, ಹೋಳಿಗೆ ಕೆಡುತ್ತದೆ, ಕಂಬಗಳು ಮಾತ್ರ ನಿಲ್ಲುತ್ತವೆ.

ಹೋಳು ಮಾಡುವ ಮೊದಲೇ ಒಂದು ತೀರ್ಮಾನ ಆಗಿಹೋಗಿರುತ್ತದೆಂಬುದನ್ನೂ ಹೇಳಬೇಕು. ಆ ಜನಗಣತಿಯ ಪಟ್ಟಿಯಲ್ಲಿ ಲಂಬಾಣಿ ಮಾತನಾಡುವವರನ್ನು ಹಿಂದಿಯ ಕೆಳಗೆ ಸೇರಿಸಿದೆ. ತಾಂಡಾದಲ್ಲಿ ಕುಳಿತು ಅವರ ಮಾತು ಕೇಳಿದವರಿಗೆ ಇದು ಆಶ್ಚರ್ಯವಾದೀತು. ಬಿಡಿ ಮಾತೃಭಾಷೆಗಳ ವಿವರದಲ್ಲಿ ಅವರು ಸಿಗುತ್ತಾರೆ. ಕಂಬದ ಚಿತ್ರದಲ್ಲಿ ಮಾತ್ರ ಹಿಂದಿಯೊಳಗೆ ಕರಗಿರುತ್ತಾರೆ. ಚಿತ್ರಕಾರನ ಕೈಗೆ ಬರುವ ಹೊತ್ತಿಗೆ ಹೆಸರುಗಳನ್ನು ಇನ್ನಾರೋ ಗುಂಪು ಕಟ್ಟಿರುತ್ತಾರೆ. ಮೂಲೆಯಲ್ಲಿ ‘ಇತರೆ’ ಎಂದು ಬರೆದ ಹೋಳು ಕಂಡಾಗಲೆಲ್ಲ ಅಲ್ಲಿ ಯಾರಿದ್ದಾರೆಂದು ಕೇಳುವುದು ಒಳ್ಳೆಯದು.

ಇಷ್ಟು ಹೊತ್ತು ಒಬ್ಬೊಬ್ಬರಿಗೆ ಒಂದು ಪ್ರಶ್ನೆ ಕೇಳಿದೆವು. ಒಬ್ಬರಿಗೇ ಎರಡು ಪ್ರಶ್ನೆ ಕೇಳಿ, ಎರಡು ಉತ್ತರಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಈ ವಿದ್ಯೆಗೆ ನಿಜವಾದ ಕಸುವು ಬರುತ್ತದೆ. ಈಗ ಪೆನ್ಸಿಲು ಹಿಡಿಯಿರಿ.

1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮಂಜಿನ ಗುಡ್ಡಕ್ಕೆ ತಾಗಿತು. ಎರಡು ಗಂಟೆ ನಲವತ್ತು ನಿಮಿಷದಲ್ಲಿ ಮುಳುಗಿತು. ಇದ್ದ ಜೀವರಕ್ಷಕ ದೋಣಿಗಳು 20, ಅವುಗಳಲ್ಲಿ ಜಾಗ 1,178 ಮಂದಿಗೆ. ಹಡಗಿನಲ್ಲಿದ್ದವರು, ಬ್ರಿಟಿಷ್ ಸರ್ಕಾರದ ತನಿಖೆಯ ಲೆಕ್ಕದಂತೆ, 2,201 ಮಂದಿ, ಉಳಿದವರು 711. ಆಮೇಲಿನ ಸಂಶೋಧಕರ ಪಟ್ಟಿಗಳಲ್ಲಿ ಈ ಸಂಖ್ಯೆಗಳು ಸ್ವಲ್ಪ ಹೆಚ್ಚು ಕಡಮೆ ಇವೆ. ನಾವು ತನಿಖೆಯ ಲೆಕ್ಕವನ್ನೇ ಹಿಡಿಯೋಣ, ಏಕೆಂದರೆ ವಾದವೆದ್ದದ್ದು ಅದರ ಮೇಲೆ. ಮೂರನೆಯ ದರ್ಜೆಯ ಬಡ ಪ್ರಯಾಣಿಕರನ್ನು ದೋಣಿಗಳ ಬಳಿಗೆ ಬಿಡಲಿಲ್ಲ, ಅವರಿಗೆ ಅನ್ಯಾಯವಾಯಿತು ಎಂಬ ಮಾತು ಆಗಲೇ ಹಬ್ಬಿತ್ತು.

ಹಾಳೆಯ ಮೇಲೆ ನಾಲ್ಕು ಅಡ್ಡಸಾಲು ಮಾಡಿ: ಮೊದಲ ದರ್ಜೆ, ಎರಡನೆಯದು, ಮೂರನೆಯದು, ಕೊನೆಗೆ ಹಡಗಿನ ಸಿಬ್ಬಂದಿ. ಮೇಲಿಂದ ಕೆಳಕ್ಕೆ ಎರಡು ಸಾಲು: ಒಟ್ಟು ಇದ್ದವರು, ಉಳಿದವರು. ಚೌಕಾಬಾರದ ಮನೆಗಳಂತೆ ಎಂಟು ಮನೆಗಳಾದವು. ಮೊದಲ ದರ್ಜೆ: ಇದ್ದವರು 325, ಉಳಿದವರು 203. ಎರಡನೆಯದು: 285, ಉಳಿದವರು 118. ಮೂರನೆಯದು: 706, ಉಳಿದವರು 178. ಸಿಬ್ಬಂದಿ: 885, ಉಳಿದವರು 212.

ಇದರಿಂದ ಒಬ್ಬನು ಹೋಳಿಗೆ ಚಿತ್ರ ಬರೆಯುತ್ತಾನೆಂದು ಇಟ್ಟುಕೊಳ್ಳಿ. ಉಳಿದ 711 ಮಂದಿಯನ್ನೇ ಪೂರ್ತಿ ವೃತ್ತವೆಂದು ಭಾವಿಸಿ ಹೋಳು ಮಾಡುತ್ತಾನೆ. ದೊಡ್ಡ ಹೋಳು ಯಾರದು? ಸಿಬ್ಬಂದಿಯದು, ನೂರಕ್ಕೆ 30. ಮೊದಲ ದರ್ಜೆಯವರದು 29, ಮೂರನೆಯವರದು 25, ಎರಡನೆಯವರದು 17. (ಬಿಡಿ ಅಂಕಿಗಳನ್ನು ಹತ್ತಿರದ ಪೂರ್ಣಾಂಕಕ್ಕೆ ತಂದುದರಿಂದ ಮೊತ್ತದಲ್ಲಿ ಒಂದು ಹೆಚ್ಚಾಗುತ್ತದೆ.) ಇದನ್ನು ನೋಡಿದವನು, ಹಡಗಿನವರು ಪ್ರಯಾಣಿಕರನ್ನು ಬಿಟ್ಟು ತಾವು ದೋಣಿ ಹತ್ತಿದರು, ಬಡವರೂ ತಕ್ಕಮಟ್ಟಿಗೆ ಪಾರಾದರು ಎನ್ನುತ್ತಾನೆ. ಇನ್ನೊಬ್ಬನು ಅಡ್ಡಸಾಲಿನಲ್ಲಿ ಹೋಗುತ್ತಾನೆ. ಮೊದಲ ದರ್ಜೆಯಲ್ಲಿ ಇದ್ದ ನೂರಕ್ಕೆ 62 ಮಂದಿ ಉಳಿದರು, ಎರಡನೆಯದರಲ್ಲಿ 41, ಮೂರನೆಯದರಲ್ಲಿ 25, ಸಿಬ್ಬಂದಿಯಲ್ಲಿ 24. ಸಿಬ್ಬಂದಿ ಎಲ್ಲರಿಗಿಂತ ಕೆಳಗೆ! ಅಂಕಿಗಳು ಅವೇ ಎಂಟು. ಮೊದಲನೆಯವನ ನೂರು ಉಳಿದವರ ನೂರು, ಎರಡನೆಯವನ ನೂರು ಹಡಗು ಹತ್ತಿದವರ ನೂರು. ಬದುಕುವ ಅವಕಾಶ ಯಾರಿಗೆ ಎಷ್ಟಿತ್ತೆಂಬುದು ಪ್ರಶ್ನೆಯಾದರೆ ಎರಡನೆಯವನೇ ಸರಿ.

ಲಂಡನ್ನಿನ ‘ದಿ ಸ್ಫಿಯರ್’ ಎಂಬ ವಾರಪತ್ರಿಕೆ 1912ರ ಮೇ 4ರಂದು, ಆಗ ಸಿಕ್ಕಿದ್ದ ಮೊದಲ ಲೆಕ್ಕಗಳಿಂದ, ಜಿ. ಬ್ರಾನ್ ಎಂಬುವರು ಬರೆದ ಒಂದು ಚಿತ್ರವನ್ನು ಅಚ್ಚು ಹಾಕಿತ್ತು. ದರ್ಜೆ ದರ್ಜೆಗೂ ಒಂದು ಪಟ್ಟೆ. ಉಳಿದವರು ಬಿಳಿ, ಸತ್ತವರು ಕಪ್ಪು. ಹಡಗು ಮುಳುಗಿ ಮೂರು ವಾರ ತುಂಬಿರಲಿಲ್ಲ. ಉಳಿದವರನ್ನು ಮಾತ್ರ ಬರೆಯದೆ ಇದ್ದವರೆಲ್ಲರನ್ನೂ ಪಟ್ಟೆಯಲ್ಲಿ ಇಟ್ಟದ್ದು ಆ ಚಿತ್ರದ ಹಿರಿಮೆ.

ಆದರೆ ವಾದ ಇಲ್ಲಿಗೇ ಮುಗಿಯುವುದಿಲ್ಲ. ಮೊದಲು ಹೆಂಗಸರು ಮಕ್ಕಳು ಎಂಬುದು ಆ ರಾತ್ರಿಯ ಆಜ್ಞೆ. ಮೂರನೆಯ ದರ್ಜೆಯಲ್ಲಿ ಗಂಡಸರೇ ಬಹಳ. ಅದಕ್ಕೇ ಸಾವು ಹೆಚ್ಚಾಯಿತು, ದರ್ಜೆಯ ಭೇದವೇನೂ ಇಲ್ಲ ಎಂದು ಒಬ್ಬ ಲಾಯರಿ ಹೇಳಬಹುದಷ್ಟೆ? ಹೇಳಲಿ. ಈಗ ಮೂರನೆಯ ಪ್ರಶ್ನೆ ಸೇರಿಸಿ ಕೋಷ್ಟಕವನ್ನು ಎರಡಾಗಿ ಸೀಳೋಣ: ಹೆಂಗಸರದ್ದು ಬೇರೆ, ಗಂಡಸರದ್ದು ಬೇರೆ, ಮಕ್ಕಳೂ ಆಯಾ ಕಡೆ ಸೇರಲಿ. ಹೆಂಗಸರಲ್ಲಿ ಮೊದಲ ದರ್ಜೆಯ 145 ಮಂದಿಗೆ 141 ಮಂದಿ ಉಳಿದರು, ಎರಡನೆಯದರ 106ಕ್ಕೆ 93, ಮೂರನೆಯದರ 196ಕ್ಕೆ 90. ನೂರಕ್ಕೆ 97, 88, 46. ಲಾಯರಿಯ ಸಮಾಧಾನ ಇಲ್ಲಿ ನಿಲ್ಲಲಿಲ್ಲ. ಗಂಡಸರ ಕಡೆ ನೋಡಿದರೆ ಮೊದಲ ದರ್ಜೆಯ ನೂರಕ್ಕೆ 34, ಎರಡನೆಯದರ 14, ಮೂರನೆಯದರ 17. ಎರಡನೆಯ ದರ್ಜೆಯ ಗಂಡಸರು ಮೂರನೆಯವರಿಗಿಂತಲೂ ಹೆಚ್ಚಾಗಿ ಸತ್ತರು. ದುಡ್ಡಿದ್ದಷ್ಟೂ ಆಯುಸ್ಸು ಎಂಬ ಸರಳ ಕಥೆಗೆ ಈ 14 ಒಗ್ಗುವುದಿಲ್ಲ. ಒಳ್ಳೆಯ ಕೋಷ್ಟಕ ಹೀಗೆ ಎರಡೂ ಕಡೆಯವರ ಬಾಯಿ ಕಟ್ಟುತ್ತದೆ.

ಇನ್ನು ಸಿಬ್ಬಂದಿಯ ಸಾಲು. ಇಲ್ಲಿ ಒಂದು ವಿಚಿತ್ರವಿದೆ, ದಯವಿಟ್ಟು ಬರೆದೇ ನೋಡಿ. ಸಿಬ್ಬಂದಿಯಲ್ಲಿ ಹೆಂಗಸರು 23 ಮಂದಿ ಮಾತ್ರ, 20 ಮಂದಿ ಉಳಿದರು, ನೂರಕ್ಕೆ 87. ಮೂರನೆಯ ದರ್ಜೆಯ ಹೆಂಗಸರದ್ದು 46 ಎಂದೆವು. ಸಿಬ್ಬಂದಿಯ ಗಂಡಸರು 862, ಉಳಿದವರು 192, ನೂರಕ್ಕೆ 22. ಮೂರನೆಯ ದರ್ಜೆಯ ಗಂಡಸರದ್ದು 17. ಅಂದರೆ ಹೆಂಗಸರನ್ನು ನೋಡಿದರೂ ಸಿಬ್ಬಂದಿ ಮೇಲು, ಗಂಡಸರನ್ನು ನೋಡಿದರೂ ಸಿಬ್ಬಂದಿ ಮೇಲು. ಇಬ್ಬರನ್ನೂ ಕೂಡಿಸಿದರೆ? ಮೂರನೆಯ ದರ್ಜೆ 25, ಸಿಬ್ಬಂದಿ 24. ಮೂರನೆಯ ದರ್ಜೆ ಮೇಲಾಯಿತು! ಎರಡು ಆಟದಲ್ಲೂ ಸೋತವನು ಒಟ್ಟಿನಲ್ಲಿ ಗೆದ್ದ ಹಾಗೆ.

ಇದು ಗಣಿತದ ಕಣ್ಕಟ್ಟಲ್ಲ. ಆ ರಾತ್ರಿ ಹೆಂಗಸಾಗಿದ್ದರೆ ಬದುಕುವ ಅವಕಾಶ ಬಹಳ ಹೆಚ್ಚು: ಇಡೀ ಹಡಗಿನಲ್ಲಿ ಹೆಂಗಸರಲ್ಲಿ ನೂರಕ್ಕೆ 73 ಉಳಿದರೆ ಗಂಡಸರಲ್ಲಿ 21. ಮೂರನೆಯ ದರ್ಜೆಯಲ್ಲಿ ನೂರಕ್ಕೆ 28 ಮಂದಿ ಹೆಂಗಸರು, ಸಿಬ್ಬಂದಿಯಲ್ಲಿ ನೂರಕ್ಕೆ ಮೂರೂ ಇಲ್ಲ. ಕೂಡಿಸಿದಾಗ ಮೂರನೆಯ ದರ್ಜೆಯ ಸಾಲು ತನ್ನಲ್ಲಿದ್ದ ಹೆಂಗಸರ ಬಲದಿಂದ ಮೇಲೇರಿತು. ಸಿಬ್ಬಂದಿಯ ಸಾಲಿಗೆ ಅಂಥ ಆಸರೆ ಇರಲಿಲ್ಲ. ಈ ಬಗೆಯ ತಿರುವುಮುರುವನ್ನು ಯೂಲ್ ಎಂಬಾತ 1903ರಲ್ಲಿ ಗುರುತಿಸಿದ್ದ. 1951ರಲ್ಲಿ ಸಿಂಪ್ಸನ್ ಎಂಬಾತ ಬರೆದ ಲೇಖನದಿಂದಾಗಿ ಇದಕ್ಕೆ ಸಿಂಪ್ಸನ್ನನ ವಿರೋಧಾಭಾಸವೆಂಬ ಹೆಸರು ನಿಂತಿದೆ. ಹಾಗಾದರೆ ಯಾವುದನ್ನು ನಂಬಬೇಕು, ಕೂಡಿಸಿದ್ದನ್ನೋ ಸೀಳಿದ್ದನ್ನೋ? ಪ್ರಶ್ನೆ ಏನೆಂಬುದರ ಮೇಲೆ ನಿಂತಿದೆ. ಸಿಬ್ಬಂದಿಯ ಮನೆಗಳಲ್ಲಿ ನೂರಕ್ಕೆ ಎಷ್ಟು ಮನೆಗೆ ಸಾವಿನ ಸುದ್ದಿ ಹೋಯಿತೆಂದರೆ ಕೂಡಿಸಿದ್ದೇ ಸರಿ. ದೋಣಿಯ ಬಳಿ ನಿಂತ ಒಬ್ಬ ಗಂಡಸಿಗೆ ಸಮವಸ್ತ್ರದಿಂದ ಅನುಕೂಲವಾಯಿತೇ ಎಂದರೆ ಸೀಳಿದ್ದನ್ನೇ ನೋಡಬೇಕು. ಹುಟ್ಟುಹಾಕಲು ನಾವಿಕರು ಬೇಕಾದ್ದರಿಂದ ದೋಣಿ ದೋಣಿಗೂ ಕೆಲವರನ್ನು ಕಳಿಸಿದ್ದರೆಂಬುದು ಆ 22ಕ್ಕೆ ಸ್ವಲ್ಪ ವಿವರಣೆ ಕೊಡುತ್ತದೆ.

ಅನ್ಯಾಯವಾಯಿತೇ ಎಂಬ ಮೂಲ ಪ್ರಶ್ನೆಗೆ ಕೋಷ್ಟಕ ಎಲ್ಲಿಯವರೆಗೆ ಉತ್ತರ ಕೊಟ್ಟಿತು? ಮೂರನೆಯ ದರ್ಜೆಯ ಹೆಂಗಸರು ಮೇಲಿನ ಎರಡು ದರ್ಜೆಯ ಹೆಂಗಸರಿಗಿಂತ ಬಹಳ ಹೆಚ್ಚಾಗಿ ಸತ್ತರೆಂಬುದನ್ನು ಯಾರೂ ಅಲ್ಲಗಳೆಯಲಾರದಂತೆ ತೋರಿಸಿತು. ಏಕೆ ಸತ್ತರೆಂಬುದನ್ನು ತೋರಿಸಲಿಲ್ಲ. ಅದು ಮನೆಗಳಲ್ಲಿ ಬರೆದಿರುವುದಿಲ್ಲ. ತನಿಖೆ ನಡೆಸಿದ ಲಾರ್ಡ್ ಮರ್ಸಿಯವರ ವರದಿ 1912ರ ಜುಲೈ 30ರಂದು ಹೊರಬಂತು. ಮೂರನೆಯ ದರ್ಜೆಯವರಿಗೆ ಅನ್ಯಾಯವಾಗಲಿಲ್ಲ. ಅವರಿಗೆ ಹಡಗನ್ನು ಬಿಡಲು ಮನಸ್ಸಿರಲಿಲ್ಲ, ಗಂಟುಮೂಟೆಗಳನ್ನು ಬಿಡಲಾರದೆ ಹೋದರು, ಹಡಗಿನ ಎರಡು ತುದಿಗಳಲ್ಲಿದ್ದ ಅವರ ಬಿಡಾರದಿಂದ ಮೇಲಕ್ಕೆ ಬರುವುದೂ ಕಷ್ಟವಾಯಿತು ಎಂದು ಅದು ಕಾರಣ ಕೊಟ್ಟಿತು. ಕೊನೆಯ ಕಾರಣವನ್ನು ನಾನು ಒಪ್ಪುತ್ತೇನೆ, ಮೊದಲ ಎರಡರ ಬಗ್ಗೆ ಅನುಮಾನವಿದೆ. ಆ ತನಿಖೆಯಲ್ಲಿ ಮೂರನೆಯ ದರ್ಜೆಯವರ ಪರವಾಗಿ ಒಬ್ಬ ವಕೀಲರು ಹಾಜರಿದ್ದರು. ಆದರೆ ಉಳಿದುಬಂದ 178 ಮಂದಿಯಲ್ಲಿ ಒಬ್ಬರನ್ನಾದರೂ ಸಾಕ್ಷಿಗೆ ಕರೆಯಲಿಲ್ಲ.

ಆ ಕೋಷ್ಟಕದಲ್ಲಿ ಮಕ್ಕಳ ಲೆಕ್ಕವೂ ಬೇರೆಯಾಗಿ ಇದೆ. ಮೂರನೆಯ ದರ್ಜೆಯಲ್ಲಿ 79 ಮಕ್ಕಳಿಗೆ 52 ಮಕ್ಕಳು ಸತ್ತವು. ಮೇಲಿನ ಎರಡು ದರ್ಜೆಗಳಲ್ಲಿ 30 ಮಕ್ಕಳು, ಸತ್ತವರ ಮನೆಯಲ್ಲಿ ಎರಡು ಕಡೆಯೂ ಸೊನ್ನೆ. ಹೆಸರು ಹೆಸರಾಗಿ ಹುಡುಕಿದವರಿಗೆ ಆಮೇಲೆ ತಿಳಿದದ್ದು, ಮೊದಲ ದರ್ಜೆಯ ಎರಡು ವರ್ಷದ ಒಂದು ಹೆಣ್ಣುಮಗು ತಂದೆತಾಯಿಯ ಜೊತೆಗೇ ಮುಳುಗಿತ್ತೆಂದು. ಹಾಳೆಯ ಮೇಲೆ ಮಕ್ಕಳ ಸಾಲನ್ನೂ ಬರೆದುಕೊಳ್ಳುವವರು ಮೊದಲ ದರ್ಜೆಯ ಆ ಸೊನ್ನೆಯನ್ನು ತಿದ್ದಿ ಒಂದು ಎಂದು ಮಾಡಿಕೊಳ್ಳಬಹುದು.